ಆಟದ ಪೆಟ್ಟಿಗೆ, ಹಾಡಿನ ಸುರುಳಿ

ಮನುಷ್ಯನನ್ನು ಅವನ ಕೆಲಸದಿಂದ ಅಳೆಯುವದು ಲೋಕದ ವಾಡಿಕೆ. ಆದರೆ ಕೆಲಸ ಮುಗಿದ ಮೇಲೆ ಅವನು ಯಾವದಕ್ಕೆ ಮನಸ್ಸು ಕೊಡುವನೆಂಬದನ್ನು ನೋಡಿದರೆ ಅವನು ಇನ್ನೂ ಚೆನ್ನಾಗಿ ತಿಳಿದುಬರುವನೆಂದು ನನ್ನ ಎಣಿಕೆ. ನನ್ನ ಬಿಡುವಿನ ಹೊತ್ತನ್ನು ಎರಡು ವಸ್ತುಗಳು ಹಂಚಿಕೊಂಡಿವೆ. ಒಂದು, ಟೀವಿಗೆ ಜೋಡಿಸಿ ಆಡುವ ವಿಡಿಯೋ ಆಟ. ಇನ್ನೊಂದು, ಹಾಡಿನ ಧ್ವನಿಸುರುಳಿ. ಮೊದಲನೆಯದನ್ನು ಹಿರಿಯರು ಹಾಳು ಚಟವೆನ್ನುವರು. ಎರಡನೆಯದನ್ನು ಒಳ್ಳೆಯ ಅಭಿರುಚಿಯೆನ್ನುವರು. ಇವೆರಡೂ ಒಮ್ಮೆ ನನ್ನ ನಿಮಿತ್ತವಾಗಿ ಎದುರುಬದುರು ನಿಂತವು. ಆ ಸಂಗತಿಯನ್ನೇ ವಾಚಕರ ಮುಂದಿಡುವೆನು.

ನಮ್ಮ ಊರು ಹುಕ್ಕೇರಿ ತಾಲೂಕಿನ ಯಮಕನಮರಡಿ. ಬೆಳಗಾವಿಯಿಂದ ಕೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಬದಿಯಲ್ಲಿರುವದು. ನನ್ನ ಬಾಲ್ಯದಲ್ಲಿ ಮನೆಯ ಆಟವೆಂದರೆ ಚೌಕಾಬಾರ. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗೀಚಿದ ಇಪ್ಪತ್ತೈದು ಮನೆಗಳು, ನಾಲ್ಕು ಕವಡೆಗಳು. ಅಷ್ಟಿದ್ದರೆ ಮಳೆಗಾಲದ ಮಧ್ಯಾಹ್ನ ಸರಿದದ್ದೇ ತಿಳಿಯುತ್ತಿರಲಿಲ್ಲ. ಎದುರಾಳಿಯು ಕಾಯಿಯನ್ನು ಕಡಿದರೆ ಅದು ಎಷ್ಟೇ ದೂರ ನಡೆದಿರಲಿ, ಮತ್ತೆ ಮೊದಲ ಮನೆಯಿಂದಲೇ ಹೊರಡಬೇಕು. ನಮ್ಮ ಅವ್ವ ಈ ಆಟದಲ್ಲಿ ಬಹಳ ನಿಷ್ಠುರಳು; ಮಗನ ಕಾಯಿಯೆಂದು ಎಂದೂ ಬಿಟ್ಟವಳಲ್ಲ.

ಮನೆಯಲ್ಲಿ ಸೋದರಮಾವನು ತಂದುಕೊಟ್ಟ ಒಂದು ಟೇಪರಿಕಾರ್ಡರ್ ಇತ್ತು. ಭೀಮಸೇನ ಜೋಶಿಯವರು ಹಾಡಿದ ಕನ್ನಡ ದಾಸವಾಣಿಯ ಕ್ಯಾಸೆಟ್ಟನ್ನು ಅವ್ವ ಯಾರದೋ ಮದುವೆಯ ಮನೆಯಲ್ಲಿ ಕೇಳಿದ್ದಳು. ಅಂದಿನಿಂದ ಅದೇ ಅವಳ ಹಂಬಲ. 1993ನೆಯ ಇಸವಿಯ ಶ್ರಾವಣದಲ್ಲಿ, ಹಾಲು ಮಾರಿ ಕೂಡಿಸಿಟ್ಟ 30 ರೂಪಾಯಿಗಳನ್ನು ನನ್ನ ಕೈಯಲ್ಲಿಟ್ಟು, ಅದನ್ನು ಕೊಂಡು ತಾರೆಂದು ಸಂಕೇಶ್ವರಕ್ಕೆ ಕಳಿಸಿದಳು. ನನಗಾಗ ಹನ್ನೆರಡು ವರ್ಷ.

ಪೇಟೆಯ ಒಂದು ಓಣಿಯಲ್ಲಿ ತಾಸಿಗೆ 10 ರೂಪಾಯಿ ಕೊಟ್ಟು ವಿಡಿಯೋ ಆಟ ಆಡುವ ಅಂಗಡಿಯಿತ್ತು. ಒಂದು ಕ್ಷಣ ಇಣಿಕಿ ಹೋಗುವೆನೆಂದು ಬಾಗಿಲಲ್ಲಿ ನಿಂತವನು ಒಳಗೆ ಕುಳಿತೆನು. ಅಲ್ಲಿದ್ದದ್ದು ಜಪಾನದ ನಿಂಟೆಂಡೋ ಕಂಪನಿಯು 1985ರಲ್ಲಿ ಹೊರತಂದ ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ಆಟ. ಶಿಗೆರು ಮಿಯಾಮೋಟೋ ಎಂಬವರು ಅದನ್ನು ರಚಿಸಿದರು. ಕೋಜಿ ಕೊಂಡೋ ಎಂಬವರು ಅದಕ್ಕೆ ಸಂಗೀತ ಕೊಟ್ಟರು. ಮೀಸೆಯ ನಳದ ಕೆಲಸಗಾರನೊಬ್ಬನು ಓಡುತ್ತ, ಹಾರುತ್ತ, ಬಿದ್ದು ಸಾಯುತ್ತ, ಮತ್ತೆ ಹೊರಡುತ್ತ ಹೋಗುವನು. ಪರದೆಯ ಮೂಲೆಯಲ್ಲಿ ಸಮಯದ ಅಂಕಿ ಇಳಿಯುತ್ತಿರುವದು. ಅದು ನೂರಕ್ಕಿಂತ ಕೆಳಗೆ ಬಂದೊಡನೆ ಅದೇ ಧಾಟಿಯು ದ್ರುತಲಯಕ್ಕೆ ಏರುವದು. ಆಡುವವನ ಎದೆಯೂ ಅದರ ಸಂಗಡ ಬಡಿದುಕೊಳ್ಳುವದು. ಮೂರು ತಾಸು ಕಳೆದುವು. ಮೂವತ್ತು ರೂಪಾಯಿಯೂ ಕಳೆದುವು.

ಮನೆಗೆ ಬಂದು, “ಕ್ಯಾಸೆಟ್ ಸಿಗಲಿಲ್ಲವ್ವಾ, ರೊಕ್ಕ ಬಸ್ಸಿನ್ಯಾಗ ಬಿದ್ದು ಹೋತು,” ಎಂದೆನು. ಒಂದು ಸುಳ್ಳು ಸಾಲದೆಂದು ಎರಡು ಹೇಳಿದ್ದೇ ತಪ್ಪಾಯಿತು. ಅವ್ವ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಮೆಲ್ಲಗೆ ಕೇಳಿದಳು: “ಯಾವ ಆಟ ಆಡಿದಿ ತಮ್ಮಾ? ಗೆದ್ದಿಯೇನು?” ನಾನು ತಲೆ ತಗ್ಗಿಸಿ “ಇಲ್ಲವ್ವಾ” ಎಂದೆನು. “ಹಂಗಾದ್ರ ರೊಕ್ಕನೂ ಹೋತು, ಆಟನೂ ಹೋತು. ಕಾಯಿ ಕಡದೈತಿ, ಮೊದಲನೇ ಮನೀಂದ ಹೊರಡು,” ಎಂದು ಹೇಳಿ ಕಸಬರಿಗೆ ಹಿಡಿದು ಎದ್ದಳು. ಒಂದು ಏಟು ಕೊಟ್ಟಿದ್ದರೆ ಅಂದೇ ಮರೆತುಬಿಡುತ್ತಿದ್ದೆನು.

ಆ ವರ್ಷ ಶೇಂಗಾ ಕೀಳುವ ಸುಗ್ಗಿಯಲ್ಲಿ ನೆರೆಯವರ ಹೊಲಕ್ಕೆ ಎಂಟು ದಿನ ಹೋಗಿ, ಸಿಕ್ಕ ಕೂಲಿಯಿಂದ ಆ ಕ್ಯಾಸೆಟ್ಟನ್ನು ತಂದೆನು. ಅವ್ವ ಅದನ್ನು ಹಚ್ಚಿ, ರೊಟ್ಟಿ ಬಡಿಯುವದನ್ನು ನಿಲ್ಲಿಸಿ ಕೇಳುತ್ತ ಕುಳಿತಳು. ಒಂದು ಮಗ್ಗುಲು ಮುಗಿಯುವ ವರೆಗೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಮುಂದೆ ಜೋಶಿಯವರ ಚರಿತ್ರೆಯನ್ನು ಓದಿದಾಗ ನನಗೆ ನಾಚಿಕೆಯೂ ನಗೆಯೂ ಒಟ್ಟಿಗೆ ಬಂದವು. ಗದಗಿನಲ್ಲಿ ಬೆಳೆದ ಆ ಹುಡುಗನು ಅಬ್ದುಲ್ ಕರೀಮ್ ಖಾನ್ ಸಾಹೇಬರ ಝಿಂಝೋಟಿ ಠುಮರಿಯ ಗ್ರಾಮೋಫೋನ್ ಮುದ್ರಿಕೆಯನ್ನು ಅಂಗಡಿಯೊಂದರಲ್ಲಿ ಕೇಳಿ ಮರುಳಾಗಿ, 1933ರಲ್ಲಿ ಗುರುವನ್ನರಸುತ್ತ ಮನೆ ಬಿಟ್ಟನಂತೆ. ಆಗ ಅವನಿಗೆ ಹನ್ನೊಂದು ವರ್ಷ. ಆ ಕಾಲದ ಮುದ್ರಿಕೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷದ ಹಾಡು ಮಾತ್ರ! ಅವನು ಅಂಗಡಿಯ ಮುಂದೆ ನಿಂತು ಹಾಡಿಗಾಗಿ ಮನೆಯನ್ನು ಬಿಟ್ಟನು. ನಾನು ಅಂಗಡಿಯ ಮುಂದೆ ನಿಂತು ಆಟಕ್ಕಾಗಿ ಅವನ ಹಾಡನ್ನೇ ಬಿಟ್ಟೆನು.

ಆ ಕ್ಯಾಸೆಟ್ಟಿನ ಜೊತೆಗೆ ಕಾಲಾಂತರದಲ್ಲಿ ಇನ್ನೆರಡು ನನಗೆ ಪ್ರಿಯವಾದವು. ಒಂದು, 1978ರಲ್ಲಿ ಬಂದ ‘ನಿತ್ಯೋತ್ಸವ’. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ಇದು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಹೆಸರಾಗಿದೆ. ಇನ್ನೊಂದು, ಕುಮಾರ ಗಂಧರ್ವರ ನಿರ್ಗುಣ ಭಜನೆಗಳು. ಅವರು 1924ರಲ್ಲಿ ಹುಟ್ಟಿದ ಸುಳೇಭಾವಿಯು ನಮ್ಮ ಬೆಳಗಾವಿ ಜಿಲ್ಲೆಯದೇ. ತಾರುಣ್ಯದಲ್ಲಿಯೇ ಕ್ಷಯರೋಗ ತಗಲಿ, ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದರು. ಮಲಗಿದಲ್ಲಿಯೇ ಮಾಳವದ ಜನಪದರ ಹಾಡುಗಳಿಗೆ ಕಿವಿಗೊಟ್ಟರು. ಒಂದು ಶ್ವಾಸಕೋಶವು ಕೆಟ್ಟುಹೋಗಿದ್ದರೂ 1950ರ ದಶಕದಲ್ಲಿ ತಿರುಗಿ ಹಾಡತೊಡಗಿ, ಗಾಯನಕ್ಕೆ ಹೊಸ ಹಾದಿ ತೆರೆದರು. ಅವರ ಚಿಕ್ಕ ಚಿಕ್ಕ ಉಸಿರಿನ ತಾನುಗಳನ್ನು ಕೇಳುವಾಗಲೆಲ್ಲ ಅವ್ವನ ಮಾತು ನನಗೆ ನೆನಪಾಗುವದು. ಮೊದಲ ಮನೆಯಿಂದ ಮತ್ತೆ ಹೊರಡುವದೆಂದರೆ ಇದೇ ಅಲ್ಲವೇ!

ಆಟವನ್ನೂ ನಾನು ಬಿಡಲಿಲ್ಲ. ನನಗೆ ಈಗ ಎಲ್ಲಕ್ಕೂ ಮೆಚ್ಚಿನದು ‘ಟೆಟ್ರಿಸ್’. ಮಾಸ್ಕೋದ ಅಲೆಕ್ಸೆಯ್ ಪಾಜಿತ್ನೋವ್ ಎಂಬ ಗಣಕತಜ್ಞರು 1984ರಲ್ಲಿ ಕಲ್ಪಿಸಿದ್ದು. ನಾಲ್ಕು ಚೌಕಗಳ ತುಂಡುಗಳು ಮೇಲಿನಿಂದ ಇಳಿಯುವವು. ಅವನ್ನು ತಿರುಗಿಸಿ ಹೊಂದಿಸಿದಾಗ ತುಂಬಿದ ಸಾಲು ಮಾಯವಾಗುವದು. ಇದರಲ್ಲಿ ವೈರಿಯಿಲ್ಲ, ಕೊನೆಯ ಗೆಲುವೂ ಇಲ್ಲ. ಎಷ್ಟು ಹೊತ್ತು ಕೆಡದೆ ಕಟ್ಟಿದೆವೆಂಬದಷ್ಟೇ ಲೆಕ್ಕ.

ಹೋದ ತಿಂಗಳು ನನ್ನ ಮಗಳು ಮೊಬೈಲಿನಲ್ಲಿ ಯಾವದೋ ಆಟಕ್ಕೆ ನನ್ನನ್ನು ಕೇಳದೆ ದುಡ್ಡು ಕಟ್ಟಿದ್ದು ತಿಳಿದು, ನಾನು ಸಿಟ್ಟಿನಿಂದ ದನಿಯೆತ್ತಿದೆನು. ಒಳಗಿನಿಂದ ಅವ್ವ ಬಂದಳು. ಅವಳಿಗೀಗ ಎಪ್ಪತ್ತು ದಾಟಿದೆ. ಮೊಮ್ಮಗಳ ಪಕ್ಕಕ್ಕೆ ಕುಳಿತು, “ಗೆದ್ದಿಯೇನವ್ವಾ?” ಎಂದು ಕೇಳಿದಳು. ಹುಡುಗಿ ಇಲ್ಲವೆಂದು ತಲೆಯಾಡಿಸಿತು. ಅವ್ವ ನನ್ನ ಕಡೆಗೆ ನೋಡಿದಳು. ನಾನು ಸುಮ್ಮನಾದೆನು.

ದುಡ್ಡು ಕಟ್ಟುವ ಆ ಆಟವನ್ನು ಅಂದೇ ತೆಗೆದುಹಾಕಿದೆವು. ದುಡ್ಡು ಬೇಡದ ಟೆಟ್ರಿಸ್ಸನ್ನು ಮಗಳೇ ಅಜ್ಜಿಗೆ ಕಲಿಸಿದಳು. “ಗ್ವಾಡಿ ಕಟ್ಟೋದು ನನಗ ಹೇಳಿಕೊಡಬ್ಯಾಡ,” ಎನ್ನುತ್ತ ಅವ್ವ ಮೊದಲ ದಿನವೇ ಏಳು ಸಾಲು ಕಟ್ಟಿದಳು. ಈಗ ಸಂಜೆ ದೀಪ ಹಚ್ಚಿದ ಮೇಲೆ ದಾಸವಾಣಿಯು ಒಂದು ಮಗ್ಗುಲು ನಡೆಯುವದು. ಅದು ಮುಗಿದ ಬಳಿಕವೇ ಆಟ. ಮೊದಲ ಸರದಿ ಯಾರದೆಂಬದನ್ನು ಮಾತ್ರ ಕವಡೆ ಹಾಕಿ ಗೊತ್ತುಪಡಿಸುವರು.