ಹೆಬ್ಬೆಟ್ಟಿಗೊಂದು ಬೀಗ

2023ರ ಶ್ರಾವಣದ ಒಂದು ಶನಿವಾರ ಮಧ್ಯಾಹ್ನ ಒಂದು ಗಂಟೆ ನಲವತ್ತೆರಡು ನಿಮಿಷಕ್ಕೆ ನಾನು ಯಾವುದೋ ಊರಿನ ಯಾವುದೋ ಯಂತ್ರದ ಮೇಲೆ ಬೆರಳೊತ್ತಿ ಹತ್ತು ಸಾವಿರ ರೂಪಾಯಿ ಬಿಡಿಸಿಕೊಂಡಿದ್ದೇನೆ. ದಾಖಲೆ ಹಾಗೆ ಹೇಳುತ್ತದೆ. ಆ ಹೊತ್ತಿಗೆ ನಾನು ಭಾವನ ಮಗಳ ಮದುವೆಯಲ್ಲಿ ಎರಡನೇ ಪಂಕ್ತಿಗೆ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ. ಬಲಗೈ ಎಲೆಯ ಮೇಲಿತ್ತು. ಎಡಗೈ ಎಲೆಯ ಪಕ್ಕ ನೆಲಕ್ಕೆ ಊರಿತ್ತು. ಹತ್ತು ಬೆರಳಿಗೂ ಲೆಕ್ಕ ಇದೆ.

ಸೋಮವಾರ ಬೆಳಿಗ್ಗೆ ಮತ್ತೆ ಹತ್ತು ಸಾವಿರ ಹೋಯಿತು. ಎರಡು ಸಲವೂ ಮೊಬೈಲಿಗೆ ಸಂದೇಶ ಬಂದಿತ್ತು. ಸಾಲ ಬೇಕಾ, ಸೈಟು ಬೇಕಾ ಅನ್ನುವ ರಾಶಿಯ ಅಡಿಯಲ್ಲಿ ಸಿಕ್ಕಿದ್ದ ಅವನ್ನು ನಾನು ಕಂಡಿದ್ದು ಸೋಮವಾರ ಸಂಜೆ.

ನನ್ನ ಕಸುಬು ಹೇಳಿದರೆ ನೀವು ನಗುತ್ತೀರಿ. ಶಿವಮೊಗ್ಗ ಜಿಲ್ಲೆಯ ತಾಲೂಕು ಕೇಂದ್ರವೊಂದರಲ್ಲಿ ಮೂವತ್ತೊಂದು ವರ್ಷ ಪತ್ರ ಬರೆದವನು ನಾನು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ವೀಲುನಾಮೆ. ಜನ 'ರೈಟ್ರು' ಅನ್ನುತ್ತಾರೆ. ಸಾವಿರಾರು ಜನರ ಎಡಗೈ ಹೆಬ್ಬೆಟ್ಟನ್ನು ಹಿಡಿದು, ಮಸಿಗೆ ಅದ್ದಿ, ಕಾಗದದ ಮೇಲೆ ಹದವಾಗಿ ಉರುಳಿಸಿದ್ದೇನೆ. ಹೆಚ್ಚು ಒತ್ತಿದರೆ ಗೆರೆ ಕೂಡಿಕೊಂಡು ಬರೀ ಕಪ್ಪು ಬೊಟ್ಟಾಗುತ್ತದೆ, ಕಡಿಮೆ ಒತ್ತಿದರೆ ನಡುಭಾಗ ಬಿಳಿ ಉಳಿಯುತ್ತದೆ. ಒತ್ತಿದ ಮೇಲೆ ಪಕ್ಕದಲ್ಲಿ 'ಇದು ಇಂಥವರ ಎಡಗೈ ಹೆಬ್ಬೆಟ್ಟಿನ ಗುರುತು' ಎಂದು ಬರೆದು ಸಾಕ್ಷಿಗಳ ಸಹಿ ಹಾಕಿಸಬೇಕು. ಸಹಿ ಸುಳ್ಳಾದೀತು, ಹೆಬ್ಬೆಟ್ಟು ಸುಳ್ಳಾಗದು. ನನಗೆ ಕೆಲಸ ಕಲಿಸಿದವರು ಹೇಳಿಕೊಟ್ಟ ಮೊದಲ ಪಾಠ ಇದು.

ಆ ನಂಬಿಕೆ ಹಳೆಯದೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷಲ್ ಎಂಬ ಬ್ರಿಟಿಷ್ ಅಧಿಕಾರಿ ಒಬ್ಬ ಗುತ್ತಿಗೆದಾರನಿಗೆ ಕರಾರುಪತ್ರದ ಹಿಂಬದಿಯಲ್ಲಿ ಇಡೀ ಅಂಗೈಯನ್ನೇ ಒತ್ತಿಸಿದ. ನಾಳೆ 'ಈ ಸಹಿ ನನ್ನದಲ್ಲ' ಅನ್ನಬಾರದು ಎಂಬುದಷ್ಟೇ ಅವನ ಉದ್ದೇಶ. 1897ರ ಹೊತ್ತಿಗೆ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ತೆರೆಯಿತು. ಆದರೆ ಆಗೆಲ್ಲ ಹೆಬ್ಬೆಟ್ಟಿನ ಜೊತೆ ಅದರ ಯಜಮಾನನೂ ಎದುರಿಗೆ ನಿಂತಿರುತ್ತಿದ್ದ, ಅವನನ್ನು ಗುರುತಿಸುವ ಇಬ್ಬರು ಪಕ್ಕದಲ್ಲಿರುತ್ತಿದ್ದರು. ಈಗ ಹೆಬ್ಬೆಟ್ಟು ಒಂದೇ ಊರೂರು ತಿರುಗುತ್ತದೆ.

ಮಂಗಳವಾರ ಬ್ಯಾಂಕಿಗೆ ಹೋದೆ. ಕೌಂಟರಿನ ಹುಡುಗ ಪರದೆ ನೋಡಿ, "ಎಇಪಿಎಸ್ ಸಾರ್. ನಿಮ್ಮ ಬೆರಳೇ ಅಲ್ವಾ ಒತ್ತಿರೋದು?" ಅಂದ.

"ನಾನು ಓಟಿಪಿ ಯಾರಿಗೂ ಕೊಟ್ಟಿಲ್ಲಪ್ಪ."

"ಇದಕ್ಕೆ ಓಟಿಪಿ ಬೇಡ ಸಾರ್."

ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಓಟಿಪಿ ಕೊಡಬೇಡಿ, ಪಿನ್ ಹೇಳಬೇಡಿ ಎಂದು ಫೋನು, ಟಿವಿ, ಬ್ಯಾಂಕಿನ ಗೋಡೆ ಎಲ್ಲವೂ ಕಿವಿ ತೂತು ಬೀಳುವಷ್ಟು ಹೇಳಿವೆ. ಓಟಿಪಿಯೇ ಇಲ್ಲದ ಬಾಗಿಲೊಂದಿದೆ ಎಂದು ಯಾರೂ ಹೇಳಿರಲಿಲ್ಲ. ಎಇಪಿಎಸ್ ಎಂದರೆ ಆಧಾರ್ ಮೂಲಕ ಹಣ ಪಡೆಯುವ ವ್ಯವಸ್ಥೆ. ಬ್ಯಾಂಕಿನ ಪರವಾಗಿ ವ್ಯವಹರಿಸುವ ಬ್ಯಾಂಕ್ ಮಿತ್ರನ ಹತ್ತಿರ ಒಂದು ಪುಟ್ಟ ಯಂತ್ರ ಇರುತ್ತದೆ. ನಿಮ್ಮ ಆಧಾರ್ ಸಂಖ್ಯೆ, ಯಾವ ಬ್ಯಾಂಕು ಎಂಬ ಮಾಹಿತಿ, ಒಂದು ಬೆರಳು ಇಷ್ಟಿದ್ದರೆ ಸಾಕು, ಒಂದು ಸಲಕ್ಕೆ ಹತ್ತು ಸಾವಿರದವರೆಗೆ ಕೊಡುತ್ತಾನೆ. ಕಾರ್ಡು, ಪಾಸ್‌ಬುಕ್ಕು, ಪಿನ್ನು ಯಾವುದೂ ಬೇಡ. ಎಟಿಎಮ್ಮಿಗೆ ಇಪ್ಪತ್ತು ಕಿಲೋಮೀಟರು ಹೋಗಬೇಕಾದ ಹಳ್ಳಿಗೆ ಇದು ದೊಡ್ಡ ಉಪಕಾರವೇ, ಅದನ್ನು ಬೈಯಲು ನನಗೆ ಮನಸ್ಸಿಲ್ಲ. ಆದರೆ ಕೇಳದವನ ಮನೆಗೂ ಬಾಗಿಲು ಕೊರೆದು, ಬೀಗ ಹಾಕಿಕೊಳ್ಳುವುದು ನಿನ್ನ ಜವಾಬ್ದಾರಿ ಅನ್ನುವುದು ಯಾವ ನ್ಯಾಯ?

ಇನ್ನು ಬೆರಳು ಕಳ್ಳನಿಗೆ ಸಿಕ್ಕಿದ್ದು ಎಲ್ಲಿಂದ? ನನ್ನ ವಿಷಯದಲ್ಲಿ ಅದು ಖಚಿತವಾಗಿ ಪತ್ತೆಯಾಗಲಿಲ್ಲ. ಆದರೆ ಅದೇ ವರ್ಷ ಮಂಗಳೂರು, ಬೆಂಗಳೂರು ಕಡೆ ಇಂಥವೇ ದೂರು ಸಾಲುಸಾಲಾಗಿ ಬಂದವು. ಹಣ ಕಳೆದುಕೊಂಡವರಲ್ಲಿ ಹಲವರು ಆಗಷ್ಟೇ ಆಸ್ತಿ ನೋಂದಣಿ ಮಾಡಿಸಿದ್ದವರು. ನೋಂದಣಿಯಾದ ಪತ್ರದ ಪ್ರತಿ ಅಂತರ್ಜಾಲದಲ್ಲಿ ಸಿಗುತ್ತಿತ್ತು. ಅದರಲ್ಲಿದ್ದ ಬೆರಳಚ್ಚಿನಿಂದ ರಬ್ಬರಿನ ಹೆಬ್ಬೆಟ್ಟು ತಯಾರಾಗುತ್ತಿತ್ತು. ತೆಲಂಗಾಣದಲ್ಲಿ 2018ರಲ್ಲೇ ಒಬ್ಬ ಹೀಗೆ ಭೂಮಿ ಪತ್ರಗಳಿಂದ ಬೆರಳು ಕದ್ದು ಸಿಮ್ ಕಾರ್ಡುಗಳನ್ನು ಚಾಲೂ ಮಾಡಿ ಸಿಕ್ಕಿಬಿದ್ದಿದ್ದ. ನಮ್ಮಲ್ಲಿ ಪ್ರತಿಗಳ ಮೇಲಿನ ಬೆರಳಚ್ಚು ಮರೆಮಾಡುವ ಕ್ರಮ ಬಂದಿದ್ದು ಐದು ವರ್ಷದ ನಂತರ.

ಬ್ಯಾಂಕಿಗೆ ಹೋಗಿ ಬಂದ ದಿನ ರಾತ್ರಿ ನಾನು ನನ್ನದೇ ಸೈಟಿನ ಕ್ರಯಪತ್ರ ತೆಗೆದು ನೋಡಿದೆ. ಮೊದಲ ಪುಟದಲ್ಲಿ ಆಧಾರ್ ಸಂಖ್ಯೆ. ಮೂರನೇ ಪುಟದಲ್ಲಿ 'ಸದರಿ ಕ್ರಯದ ಹಣವನ್ನು ಇಂಥ ಬ್ಯಾಂಕಿನ ಇಂಥ ನಂಬರಿನ ಚೆಕ್ಕಿನ ಮೂಲಕ...' ಹಿಂದಿನ ಪುಟದಲ್ಲಿ ಫೋಟೋ, ಅದರ ಪಕ್ಕ ಅಚ್ಚುಕಟ್ಟಾದ ಎಡಗೈ ಹೆಬ್ಬೆಟ್ಟು. ಕಳ್ಳನಿಗೆ ಬೇಕಾದ ಮೂರನ್ನೂ ಒಂದೇ ಕಟ್ಟಿನಲ್ಲಿ ಹೊಲಿದಿಟ್ಟವನು ನಾನೇ. ನನ್ನದೊಂದೇ ಆಗಿದ್ದರೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಊರಿನ ಅರ್ಧ ಜನರ ಕಟ್ಟು ಹೊಲಿದಿದ್ದೇನೆ.

ದುಡ್ಡಿನ ವಿಷಯಕ್ಕೆ ಬರೋಣ. 1930ಕ್ಕೆ ಫೋನ್ ಮಾಡು ಎಂದು ಮಗಳು ಬೆಂಗಳೂರಿನಿಂದ ಹೇಳಿದಳು. ಅದು ಸೈಬರ್ ವಂಚನೆಯ ಸಹಾಯವಾಣಿ. ಹಣ ಇನ್ನೊಂದು ಖಾತೆಗೆ ಹೋಗಿದ್ದರೆ ಅಲ್ಲೇ ತಡೆಹಿಡಿಸಬಹುದು, ಅದಕ್ಕೇ ಮೊದಲ ಗಂಟೆ ಮುಖ್ಯ. ನನ್ನ ಹಣ ಅಷ್ಟು ಹೊತ್ತಿಗೆ ನಗದಾಗಿ ಯಾರದೋ ಜೇಬು ಸೇರಿಯಾಗಿತ್ತು. ಆದರೂ ದೂರಿನ ಸಂಖ್ಯೆ ಸಿಕ್ಕಿತು. ಅದನ್ನು ಹಿಡಿದು ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಠಾಣೆಗೆ ಹೋದೆ. ಪೊಲೀಸಪ್ಪ ನನ್ನ ಫೋನಿನಲ್ಲೇ ಆಧಾರ್ ತಾಣ ತೆರೆಸಿ, ನಮ್ಮ ಆಧಾರನ್ನು ಎಲ್ಲೆಲ್ಲಿ, ಯಾವಾಗ ಬಳಸಲಾಗಿದೆ ಎಂಬ ಪಟ್ಟಿ ತೋರಿಸಿದ. ಆರು ತಿಂಗಳದ್ದು ಸಿಗುತ್ತದೆ. ಒಂದು ಗಂಟೆ ನಲವತ್ತೆರಡು ನಿಮಿಷ ನನಗೆ ಗೊತ್ತಾಗಿದ್ದು ಹಾಗೆ.

ಬ್ಯಾಂಕಿಗೆ ಅರ್ಜಿ ಬರೆಯುವಾಗ ಮಾತ್ರ ಹಳೆಯ ಕಸುಬು ಕೈ ಹಿಡಿಯಿತು. ಆಗ ಜಾರಿಯಲ್ಲಿದ್ದದ್ದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ. ಅದರ ಪ್ರಕಾರ, ಗ್ರಾಹಕನ ತಪ್ಪಿಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ, ನಡುವೆ ಎಲ್ಲೋ ಆದ ಲೋಪದಿಂದ ಹಣ ಹೋಗಿದ್ದು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ಗ್ರಾಹಕ ತಿಳಿಸಿದರೆ ಅವನ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ಒಂದು ಮಿತಿಯವರೆಗೆ ಅವನೂ ಹೊರಬೇಕು. ಹತ್ತು ಕೆಲಸದ ದಿನದಲ್ಲಿ ಬ್ಯಾಂಕು ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿಯಾದರೂ ತುಂಬಬೇಕು. ತಪ್ಪು ಗ್ರಾಹಕನದೇ ಎಂದಾದರೆ ಅದನ್ನು ಸಾಬೀತು ಮಾಡುವ ಭಾರವೂ ಬ್ಯಾಂಕಿನದೇ. ಓಟಿಪಿಯನ್ನು ನಾವೇ ಹೇಳಿಕೊಟ್ಟಿದ್ದರೆ ಮಾತ್ರ, ದೂರು ಕೊಡುವವರೆಗಿನ ನಷ್ಟ ನಮ್ಮ ತಲೆಗೇ. ಇಷ್ಟನ್ನೂ ಕಲಮುವಾರು ಬರೆದು, ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಹೊಡೆಸಿಕೊಂಡೆ. ಬಾಯಿಮಾತಿನ ದೂರಿಗೆ ತಾರೀಕು ಇರುವುದಿಲ್ಲ. ನನ್ನ ಹತ್ತು ದಿನ ಮೂವತ್ತೆರಡು ದಿನವಾಯಿತು, ನಡುವೆ ಎರಡು ಜ್ಞಾಪನಪತ್ರ ಹೋದವು. ಹಣವೇನೋ ಬಂತು. ಮೂವತ್ತು ದಿನವಾದರೂ ಬ್ಯಾಂಕು ಪರಿಹಾರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, 14448ರಲ್ಲಿ ವಿವರ ಸಿಗುತ್ತದೆ.

ಪಿನ್ನು ಹೋದರೆ ಬದಲಿಸಬಹುದು. ಹೆಬ್ಬೆಟ್ಟು ಬದಲಿಸುವುದು ಹೇಗೆ? ಅದಕ್ಕಿರುವುದು ಬೀಗ ಮಾತ್ರ. ಆಧಾರ್ ತಾಣದಲ್ಲೋ ಅದರ ಆ್ಯಪಿನಲ್ಲೋ ಬಯೋಮೆಟ್ರಿಕ್ ಲಾಕ್ ಎಂಬುದಿದೆ. ಹಾಕಿದರೆ ಬೆರಳು, ಕಣ್ಣು, ಮುಖ ಯಾವುದಕ್ಕೂ ಯಂತ್ರ ಒಪ್ಪುವುದಿಲ್ಲ. ಬೇಕಾದಾಗ ಹತ್ತು ನಿಮಿಷದ ಮಟ್ಟಿಗೆ ತೆರೆಯಬಹುದು, ಆಮೇಲೆ ತಾನೇ ಬೀಳುತ್ತದೆ. ನಾನು ಕೂಡಲೇ ಹಾಕಿದೆ. ಜೊತೆಗೆ ಇನ್ನೊಂದು ಬುದ್ಧಿ ಕಲಿತೆ: ಲಾಡ್ಜಿನವನು ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಡುತ್ತೇನೆ, ಜೆರಾಕ್ಸಿನ ಮೇಲೆ ಅಡ್ಡಲಾಗಿ 'ಇಂಥ ಕೆಲಸಕ್ಕೆ ಮಾತ್ರ' ಎಂದು ಬರೆದು ತಾರೀಕು ಹಾಕುತ್ತೇನೆ. ನಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದು ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು. ನಮ್ಮ ಹೆಸರಲ್ಲಿ ಯಾರಾದರೂ ಸಾಲ ಎತ್ತಿದ್ದಾರಾ ಎಂಬುದು ಸಿಬಿಲ್ ವರದಿಯಲ್ಲಿ ಗೊತ್ತಾಗುತ್ತದೆ, ವರ್ಷಕ್ಕೊಂದು ಸಲ ಪುಕ್ಕಟೆ.

ಹೇಳುವುದು ಸುಲಭ. ನನ್ನ ಪರಿಚಯದ ಗಿರಿಜಕ್ಕನ ಬೀಗವನ್ನೂ ನಾನೇ ಹಾಕಿಸಿದೆ. ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ಬಿಡಿಸಲು ಅವಳು ತಿಂಗಳಿಗೊಮ್ಮೆ ಬ್ಯಾಂಕ್ ಮಿತ್ರನ ಅಂಗಡಿಗೆ ಬರುತ್ತಾಳೆ. ಅವಳ ಆಧಾರಿಗೆ ಸೇರಿದ ಮೊಬೈಲು ಶಿವಮೊಗ್ಗದಲ್ಲಿರುವ ಮಗನದು. ಬೀಗ ತೆಗೆಯಲು ಅವನಿಗೆ ಫೋನು, ಅವನು ನೋಡಿ ಓಟಿಪಿ ಹೇಳಬೇಕು. ಓಟಿಪಿ ಯಾರಿಗೂ ಹೇಳಬೇಡಿ ಎಂದು ಆ ಸಂದೇಶದಲ್ಲೇ ಬರೆದಿರುತ್ತದೆ ಬೇರೆ. ಮೊನ್ನೆ ಕಾರ್ತಿಕದಲ್ಲಿ ಬಂದಾಗ ಕೊಯ್ಲಿನ ಕಾಲ, ಮೆಟ್ಟುಗತ್ತಿಯ ಮುಂದೆ ಕೂತು ಹದಿನೈದು ದಿನ ಅಡಿಕೆ ಸುಲಿದ ಕೈ. ಚೊಗರು ಹತ್ತಿ ಬೆರಳ ತುದಿ ಒಲೆಯೊಳಗಿನ ಇದ್ದಿಲ ಹಾಗಿತ್ತು. ಬೀಗ ತೆಗೆದೆ. ಯಂತ್ರ ಕೆಂಪು ದೀಪ ತೋರಿಸಿತು. ಸೆರಗಿಗೆ ಒರೆಸಿಕೊಂಡು ಒತ್ತಿದಳು, ಕೆಂಪು. ತಲೆಗೂದಲಿಗೆ ಉಜ್ಜಿ ಎಣ್ಣೆಪಸೆ ಹತ್ತಿಸಿಕೊಂಡು ಒತ್ತಿದಳು, ಕೆಂಪು.

"ಕಳ್ಳನ ರಬ್ಬರು ಹೆಬ್ಬೆಟ್ಟಿಗೆ ದುಡ್ಡು ಕೊಟ್ಟಿತ್ತಲ್ಲ ರೈಟ್ರೇ ಇದು?"

"ಕೊಟ್ಟಿತ್ತು."

ಅವಳು ಉಳಿದ ಬೆರಳುಗಳನ್ನು ಬಿಡಿಸಿ ನೋಡಿಕೊಂಡಳು. ಎಡಗೈಯ ಕಿರುಬೆರಳು ಸ್ವಲ್ಪ ಬೆಳ್ಳಗಿತ್ತು.

"ಇನ್ನೆಷ್ಟು ನಿಮಿಷ ಐತೆ?"

"ಮೂರು."

ಕಿರುಬೆರಳನ್ನು ಗಾಜಿನ ಮೇಲಿಟ್ಟು ಗಟ್ಟಿಯಾಗಿ ಒತ್ತಿದಳು. "ಅಷ್ಟು ಒತ್ತಬೇಡ ಗಿರಿಜಕ್ಕಾ, ಗೆರೆ ಕೂಡ್ಕೊಳ್ತವೆ" ಎಂದು ನಾನು ಹಳೆಯ ಅಭ್ಯಾಸಕ್ಕೆ ಅವಳ ಬೆರಳು ಹಿಡಿದು ಹದ ಮಾಡಿದೆ. ದೀಪ ಹಸಿರಾಯಿತು.