ಅಂಚೆಯ ಚೀಲದಿಂದ ಪ್ರಯೋಗಾಲಯಕ್ಕೆ

ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಮಿಶೆಲ್ ಡಾಸನ್ ಎಂಬಾಕೆ ಅಂಚೆ ಇಲಾಖೆಯ ನೌಕರಿಯಲ್ಲಿದ್ದರು. ಮನೆಮನೆಗೆ ಕಾಗದಗಳನ್ನು ಹಂಚುವ ಕೆಲಸ. ವಿಜ್ಞಾನದಲ್ಲಿ ವಿಧಿವತ್ತಾದ ಶಿಕ್ಷಣವನ್ನು ಪಡೆದವರಲ್ಲ. ಆಟಿಸಂ, ಎಂದರೆ ಈಗ ನಮ್ಮಲ್ಲಿ ‘ಸ್ವಲೀನತೆ’ ಎಂದು ಕರೆಯಲಾಗುವ ಸ್ಥಿತಿ, ಆಕೆಗೆ ಇದೆಯೆಂದು ವೈದ್ಯರು ಗುರುತಿಸಿದ್ದರು.

ಅದೇ ನಗರದ ರಿವಿಯೇರ್ ದೆ ಪ್ರೆರಿ ಆಸ್ಪತ್ರೆಯಲ್ಲಿ ಮನೋವೈದ್ಯ ಲೊರಾಂ ಮೊತ್ರೊಂ ಅವರು ಸ್ವಲೀನತೆಯನ್ನು ಕುರಿತೇ ಸಂಶೋಧನೆ ನಡೆಸುತ್ತಿದ್ದರು. ಈ ಶತಮಾನದ ಮೊದಲ ವರ್ಷಗಳಲ್ಲಿ ಇಬ್ಬರಿಗೂ ಪರಿಚಯವಾಯಿತು. ಒಮ್ಮೆ ಮೊತ್ರೊಂ ತಮ್ಮ ಕೆಲವು ಲೇಖನಗಳನ್ನು ತಿದ್ದಿಕೊಡುವಂತೆ ಡಾಸನ್‌ರಿಗೆ ಕೊಟ್ಟರು. ಹಿಂದಿರುಗಿ ಬಂದದ್ದು ಕಾಗುಣಿತದ ತಿದ್ದುಪಡಿಯಲ್ಲ. ತರ್ಕವನ್ನೂ ಪ್ರಮಾಣವನ್ನೂ ಒರೆಗೆ ಹಚ್ಚಿದ ಅಪೂರ್ವ ವಿಮರ್ಶೆ! ಲೇಖನದ ಕೊನೆಯಲ್ಲಿ ಹೆಸರಿಸಿದ್ದ ಆಧಾರಗ್ರಂಥಗಳನ್ನೆಲ್ಲ ಆಕೆ ಓದಿ ಮುಗಿಸಿದ್ದರೆಂಬುದು ಅದರಿಂದಲೇ ಸ್ಪಷ್ಟವಾಗುತ್ತಿತ್ತು. (ಅಂತಹ ಪಟ್ಟಿಗಳನ್ನು ಬರೆದವರೇ ಪೂರ್ತಿಯಾಗಿ ಓದಿರುತ್ತಾರೆಯೇ ಎಂದು ಕೇಳುವುದು ಸೌಜನ್ಯವಾಗದು.) ಅಂದಿನಿಂದ ಡಾಸನ್ ಆ ಸಂಶೋಧನಾಲಯದವರಾದರು, ಪ್ರಯೋಗಕ್ಕೆ ಒಳಗಾಗುವ ವ್ಯಕ್ತಿಯಾಗಿ ಅಲ್ಲ, ಸಂಶೋಧಕಿಯಾಗಿ.

ಇದನ್ನು ಒಬ್ಬ ಉದಾರ ವೈದ್ಯರ ಔದಾರ್ಯದ ಕಥೆಯೆಂದು ಓದುಗರು ತಿಳಿಯಬಾರದು. ಉಪಕಾರ ಯಾರಿಂದ ಯಾರಿಗೆ ಆಯಿತೆಂಬುದು ಮುಂದಿನ ಸಂಗತಿಯಿಂದ ತಿಳಿದೀತು.

1943ರಲ್ಲಿ ಅಮೆರಿಕದ ಲಿಯೊ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಂದಿ ಮಕ್ಕಳ ನಡವಳಿಕೆಯನ್ನು ವರ್ಣಿಸಿ ಸ್ವಲೀನತೆಗೆ ವೈದ್ಯಶಾಸ್ತ್ರದಲ್ಲಿ ಒಂದು ಸ್ಥಾನವನ್ನು ಕೊಟ್ಟರು. ಆ ಬಳಿಕ ಬಹುಕಾಲದವರೆಗೆ, ಇಂತಹ ಮಕ್ಕಳಲ್ಲಿ ಹೆಚ್ಚಿನವರು ಮಂದಬುದ್ಧಿಯವರೆಂದೇ ವಿದ್ವಾಂಸರು ನಂಬಿದ್ದರು. ನಂಬಿಕೆಗೆ ಆಧಾರ, ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಅವರಿಗೆ ಬರುತ್ತಿದ್ದ ಕಡಿಮೆ ಅಂಕ. ಆದರೆ ಯಾವ ಪರೀಕ್ಷೆ? ಡಾಸನ್ ಮತ್ತು ಅವರ ಸಹೋದ್ಯೋಗಿಗಳು ಕೈಗೆತ್ತಿಕೊಂಡದ್ದು ಈ ಪ್ರಶ್ನೆಯನ್ನೇ.

ಬಹಳವಾಗಿ ಬಳಕೆಯಲ್ಲಿರುವುದು ವೆಕ್ಸ್‌ಲರ್ ಎಂಬವರು ರಚಿಸಿದ ಪರೀಕ್ಷೆ. ಅದರಲ್ಲಿ ಹಲವು ಭಾಗಗಳು. ಬಣ್ಣದ ಘನಾಕೃತಿಗಳನ್ನು ಚಿತ್ರದಂತೆ ಜೋಡಿಸುವ ಭಾಗದಲ್ಲಿ ಈ ಮಕ್ಕಳು ಚುರುಕು. ಆದರೆ ಪರೀಕ್ಷಕರು ಎದುರು ಕುಳಿತು, ಇಂತಹ ಸಂದರ್ಭದಲ್ಲಿ ಜನ ಹೀಗೇಕೆ ನಡೆದುಕೊಳ್ಳುತ್ತಾರೆ ಎಂದು ಬಾಯಿಮಾತಿನಲ್ಲಿ ಕೇಳುವ ಭಾಗ ಬಂದಾಗ ತಡವರಿಸುತ್ತಾರೆ. ಎಲ್ಲವನ್ನೂ ಕೂಡಿಸಿದಾಗ ಒಟ್ಟು ಅಂಕ ಕುಸಿಯುತ್ತದೆ. ಇನ್ನೊಂದು, ಇಂಗ್ಲೆಂಡಿನ ರೇವನ್ ಎಂಬವರು 1938ರಲ್ಲಿ ಪ್ರಕಟಿಸಿದ ಪರೀಕ್ಷೆ. ಇದರಲ್ಲಿ ಮಾತಿಗೆ ಅವಕಾಶವೇ ಇಲ್ಲ. ಒಂದು ಮೂಲೆ ಅಳಿಸಿಹೋದ ರಂಗೋಲಿಯನ್ನು ಕಲ್ಪಿಸಿಕೊಳ್ಳಿ. ಅಳಿದ ಭಾಗ ಹೇಗಿದ್ದಿರಬೇಕೆಂಬುದನ್ನು ಕೆಳಗೆ ಕೊಟ್ಟ ತುಣುಕುಗಳಿಂದ ಆರಿಸಬೇಕು. ಮೊದಮೊದಲು ಸುಲಭ, ಪುಟ ತಿರುವಿದಂತೆಲ್ಲ ಮೂರು ನಾಲ್ಕು ನಿಯಮಗಳನ್ನು ಒಟ್ಟಿಗೆ ಕಂಡುಹಿಡಿಯಬೇಕಾದಷ್ಟು ಜಟಿಲ. ಅಮೂರ್ತ ತರ್ಕಶಕ್ತಿಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಅಪರೂಪವೆಂದು ಮನಶ್ಶಾಸ್ತ್ರಜ್ಞರೇ ಒಪ್ಪಿದ್ದಾರೆ.

ಮಾಂಟ್ರಿಯಲ್ ತಂಡದವರು ಸ್ವಲೀನತೆಯುಳ್ಳ 38 ಮಕ್ಕಳಿಗೆ ಎರಡು ಪರೀಕ್ಷೆಗಳನ್ನೂ ಕೊಟ್ಟರು. ನೂರು ಮಂದಿಯನ್ನು ಅಂಕಗಳ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ, ವೆಕ್ಸ್‌ಲರ್ ಪರೀಕ್ಷೆಯ ಪ್ರಕಾರ ಈ ಮಕ್ಕಳ ಸರಾಸರಿ ಸ್ಥಾನ ಕೆಳಗಿನಿಂದ 26ನೆಯದು. ರೇವನ್ ಪರೀಕ್ಷೆಯಲ್ಲಿ ಅದೇ ಮಕ್ಕಳ ಸ್ಥಾನ 56! ಮೊದಲನೆಯ ಅಳತೆಯಲ್ಲಿ ಮೂರನೆಯ ಒಂದು ಭಾಗದಷ್ಟು ಮಕ್ಕಳು ಮಂದಬುದ್ಧಿಯವರೆನಿಸಿಕೊಂಡರೆ, ಎರಡನೆಯದರಲ್ಲಿ ಹಾಗೆನಿಸಿಕೊಂಡವರು ನೂರಕ್ಕೆ ಐವರು ಮಾತ್ರ. ಇತರ ಮಕ್ಕಳಿಗೆ ಎರಡು ಪರೀಕ್ಷೆಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಫಲ ಬಂದಿತು. ಬಟ್ಟೆಯನ್ನು ಸೇರಿನಿಂದ ಅಳೆದು ಕಡಿಮೆಯಾಯಿತೆಂದು ವರ್ತಕನನ್ನು ಗದರಿಸಿದಂತೆ ಆಗಿತ್ತು ಅದುವರೆಗಿನ ವ್ಯವಹಾರ. 2007ರಲ್ಲಿ ಪ್ರಕಟವಾದ ಈ ಲೇಖನದ ಲೇಖಕರ ಸಾಲಿನಲ್ಲಿ ಮೊದಲ ಹೆಸರು ಡಾಸನ್‌ರದು.

ಈ ಪ್ರಶ್ನೆ ಅಷ್ಟು ವರ್ಷ ಬೇರೆಯವರಿಗೆ ಏಕೆ ಹೊಳೆಯಲಿಲ್ಲ? ಮೊತ್ರೊಂ ಅವರೇ 2011ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಇದಕ್ಕೆ ಉತ್ತರವಿದೆ. ಸ್ವಲೀನರ ಮೆದುಳು ಇತರರಿಗಿಂತ ಭಿನ್ನವಾಗಿ ವರ್ತಿಸಿತೆಂದರೆ ಸಾಕು, ಅದನ್ನು ನ್ಯೂನತೆಯೆಂದೇ ಬರೆದಿಡುವುದು ಶಾಸ್ತ್ರಜ್ಞರ ವಾಡಿಕೆಯಾಗಿತ್ತು. ಅವರು ಒಂದು ಕೆಲಸವನ್ನು ಚೆನ್ನಾಗಿ ಮಾಡಿದರೆ ಅದೂ ಯಾವುದೋ ಕೊರತೆಯ ಲಕ್ಷಣ! ಇನ್ನು ಅವರಿಬ್ಬರ ಆಲೋಚನೆಯ ಕ್ರಮವನ್ನು ನೋಡಿದರೆ, ಮೊತ್ರೊಂ ಕೆಲವೇ ಆಧಾರಗಳಿಂದ ಒಂದು ಸಾಮಾನ್ಯ ಕಲ್ಪನೆಗೆ ನೆಗೆದು, ಆಮೇಲೆ ಸಂಗತಿಗಳತ್ತ ಇಳಿದು ಬರುವವರು. ಡಾಸನ್ ಸಂಗತಿಗಳ ರಾಶಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವವರು. ಪ್ರಮಾಣ ಸಾಲದಿದ್ದರೆ ಒಂದು ಹೆಜ್ಜೆಯನ್ನೂ ಮುಂದಿಡರು. ಒಬ್ಬರಿಗೆ ದುಡುಕುವ ಅಪಾಯ, ಇನ್ನೊಬ್ಬರಿಗೆ ತಡವಾಗುವ ಅಪಾಯ. ಎರಡೂ ಸೇರಿದಾಗ ವಿಜ್ಞಾನ ಗಟ್ಟಿಯಾಯಿತು.

ಮನುಷ್ಯರ ಮೆದುಳುಗಳು ಒಂದೇ ಅಚ್ಚಿನವಲ್ಲ, ಈ ಭೇದವೂ ಪ್ರಕೃತಿಸಹಜವಾದ ವೈವಿಧ್ಯವೇ ಎಂಬ ವಾದಕ್ಕೆ 1990ರ ದಶಕದ ಕೊನೆಯಲ್ಲಿ ‘ನರವೈವಿಧ್ಯ’ ಎಂಬ ಅರ್ಥದ ಹೆಸರು ಬಂದಿತು. ಸ್ವಲೀನತೆಯೊಂದೇ ಅಲ್ಲ, ಡಿಸ್ಲೆಕ್ಸಿಯಾ ಎಂಬ ಓದುಬರಹದ ತೊಡಕೂ ಇದರ ವ್ಯಾಪ್ತಿಯಲ್ಲಿ ಬರುತ್ತದೆ. ಅಮೆರಿಕದ ಕ್ಯಾರೊಲ್ ಗ್ರೈಡರ್‌ಗೆ ಬಾಲ್ಯದಿಂದ ಈ ತೊಡಕು. ಉನ್ನತ ವ್ಯಾಸಂಗಕ್ಕೆ ಪ್ರವೇಶ ಕೋರಿದಾಗ ಅರ್ಹತಾ ಪರೀಕ್ಷೆಯ ಅಂಕಗಳು ಚೆನ್ನಾಗಿರಲಿಲ್ಲ. ಪ್ರಯೋಗಾಲಯದ ಅನುಭವವನ್ನೂ ಲೆಕ್ಕಕ್ಕೆ ಹಿಡಿದು ಆಕೆಯನ್ನು ಸಂದರ್ಶನಕ್ಕೆ ಕರೆದವು ಎರಡೇ ಸಂಸ್ಥೆಗಳು. ಅವುಗಳಲ್ಲೊಂದಾದ ಬರ್ಕ್ಲಿಯಲ್ಲಿ, 1984ರ ಕ್ರಿಸ್‌ಮಸ್ ಹಬ್ಬದ ದಿನ, ವರ್ಣತಂತುಗಳ ತುದಿಯನ್ನು ಕಾಯುವ ಟೆಲೊಮರೇಸ್ ಎಂಬ ಕಿಣ್ವದ ಮೊದಲ ಕುರುಹನ್ನು ಆಕೆ ಕಂಡರು. 2009ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಬಾಗಿಲು ಮುಚ್ಚಿದ ಸಂಸ್ಥೆಗಳವರು ಆ ದಿನ ಏನೆಂದುಕೊಂಡರೋ!

ಆದರೆ ನೊಬೆಲ್‌ನ ಮಾತನ್ನು ಇಲ್ಲಿಗೇ ನಿಲ್ಲಿಸುವುದು ಲೇಸು. ಸ್ವಲೀನರೆಲ್ಲ ಅದ್ಭುತ ಗಣಿತಜ್ಞರೆಂಬ ಭ್ರಮೆಯನ್ನು ಚಲನಚಿತ್ರಗಳು ಸಾಕಷ್ಟು ಹರಡಿವೆ. ಅವರಲ್ಲಿ ಮಾತೇ ಬಾರದವರಿದ್ದಾರೆ. ದಿನನಿತ್ಯದ ಕೆಲಸಗಳಿಗೂ ಇನ್ನೊಬ್ಬರ ಆಸರೆ ಬೇಕಾದವರಿದ್ದಾರೆ. ಈ ಕಷ್ಟಗಳನ್ನು ಮೊತ್ರೊಂ ಅವರೂ ಮರೆಮಾಚಿಲ್ಲ. ಮೇಧಾವಿಯೆಂದು ತೋರಿಸಿಕೊಂಡವರಿಗೆ ಮಾತ್ರ ಕುರ್ಚಿ ಎಂದಾದರೆ, ಒಂದು ಪರೀಕ್ಷೆಯನ್ನು ತೆಗೆದು ಇನ್ನೊಂದನ್ನು ಹೇರಿದಂತಾಯಿತು, ಅಷ್ಟೆ.

ಹಾಗಾದರೆ ಸಂಶೋಧನಾಲಯ ಮಾಡಬೇಕಾದದ್ದೇನು? ದೊಡ್ಡ ಹಣದ ಕೆಲಸವೇನಲ್ಲ. ನೆತ್ತಿಯ ಮೇಲೆ ಮಿನುಗುವ ಟ್ಯೂಬ್‌ಲೈಟು, ಎಡೆಬಿಡದೆ ಗುಂಯ್‌ಗುಡುವ ಶೀತಕಯಂತ್ರ, ಇವು ನಮಗೆ ಅಭ್ಯಾಸವಾಗಿ ಕೇಳಿಸದೆಯೇ ಹೋಗುತ್ತವೆ; ಕೆಲವರಿಗೆ ಅವೇ ದಿನವಿಡೀ ತಲೆಗೆ ಸುತ್ತಿಗೆಯ ಪೆಟ್ಟು. ಅಂತಹವರ ಮೇಜನ್ನು ಕಿಟಕಿಯ ಬಳಿಗೆ ಸರಿಸಬಹುದು. “ಸ್ವಲ್ಪ ಬೇಗ ನೋಡಿ” ಎಂದು ಪ್ರಾಧ್ಯಾಪಕರು ಹೇಳಿ ಹೋದರೆ, ಬೇಗ ಎಂದರೆ ಇಂದೋ ಮುಂದಿನ ವಾರವೋ ಎಂದು ತಳಮಳಿಸುವವರಿದ್ದಾರೆ. “ಗುರುವಾರ ಸಂಜೆಯೊಳಗೆ, ಮೊದಲ ಎರಡು ಕೋಷ್ಟಕಗಳು ಮಾತ್ರ” ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಕೆಲಸ ಬುಧವಾರವೇ ಮುಗಿದಿರುತ್ತದೆ. ಇನ್ನು ಸಂದರ್ಶನ. ಐದು ಮಂದಿ ಹಿರಿಯರ ಎದುರು ಇಪ್ಪತ್ತು ನಿಮಿಷ ಕಣ್ಣಿಗೆ ಕಣ್ಣಿಟ್ಟು ಮಾತನಾಡುವ ಸಾಮರ್ಥ್ಯಕ್ಕೂ ಸೂಕ್ಷ್ಮದರ್ಶಕದ ಮುಂದೆ ಆರು ಗಂಟೆ ಕುಳಿತು ದೋಷವನ್ನು ಹಿಡಿಯುವ ಸಾಮರ್ಥ್ಯಕ್ಕೂ ಏನು ಸಂಬಂಧ? ಪ್ರಶ್ನೆಗಳನ್ನು ಹಿಂದಿನ ದಿನವೇ ಕೊಡಬಹುದು. ಅಥವಾ ಒಂದು ದಿನ ನಿಜವಾದ ಕೆಲಸವನ್ನೇ ಕೊಟ್ಟು ನೋಡಬಹುದು.

ನಮ್ಮ ದೇಶದಲ್ಲಿ ಇದು ಕೇವಲ ಸದಿಚ್ಛೆಯ ಮಾತಾಗಿ ಉಳಿದಿಲ್ಲ. ಅಂಗವಿಕಲರ ಹಕ್ಕುಗಳ 2016ರ ಅಧಿನಿಯಮವು ಅಂಗೀಕರಿಸಿದ 21 ಬಗೆಯ ವೈಕಲ್ಯಗಳಲ್ಲಿ ಸ್ವಲೀನತೆಯೂ ನಿರ್ದಿಷ್ಟ ಕಲಿಕಾ ತೊಡಕೂ ಸೇರಿವೆ. ಕಲಿಕಾ ತೊಡಕನ್ನು ಅಳೆಯಲು ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರೂಪಿಸಿದ ಪರೀಕ್ಷೆಗಳು ದೇಶದಲ್ಲೆಲ್ಲ ಬಳಕೆಯಲ್ಲಿವೆ. ಸರಕಾರಿ ಹುದ್ದೆಗಳ ಮೀಸಲಾತಿಯಲ್ಲಿಯೂ ಇವರಿಗೆ ಪಾಲುಂಟು.

ಆದರೆ ಬಹುಮಂದಿ ಬಾಯಿ ಬಿಡುವುದಿಲ್ಲ. ಹೇಳಿಕೊಂಡರೆ ಮಾರ್ಗದರ್ಶಕರು ಏನೆಂದುಕೊಂಡಾರು, ಶಿಫಾರಸು ಪತ್ರದಲ್ಲಿ ಏನು ಬರೆದಾರು ಎಂಬ ಅಂಜಿಕೆ. ಮನೆಯಲ್ಲಿ ತಂದೆತಾಯಿಯರೂ, “ಸುಮ್ಮನಿರು, ಮದುವೆಯ ಮಾತು ಬಂದಾಗ ತೊಂದರೆಯಾದೀತು” ಎನ್ನುತ್ತಾರೆ. ಇಂತಹವರು ತಿಳಿದಿರಬೇಕಾದ ಒಂದು ಅಂಶವುಂಟು. ಮೀಸಲಾತಿಗೆ ವೈಕಲ್ಯವು ನೂರಕ್ಕೆ ನಲವತ್ತರಷ್ಟಾದರೂ ಇದೆಯೆಂಬ ಪ್ರಮಾಣಪತ್ರ ಬೇಕು. ಆದರೆ ಕೆಲಸದ ಜಾಗದಲ್ಲಿ ತಕ್ಕ ಹೊಂದಾಣಿಕೆಯನ್ನು ಮಾಡಿಕೊಡಬೇಕೆಂಬ ವಿಧಿಯನ್ನು ಕಾನೂನು ಆ ನಲವತ್ತಕ್ಕೆ ಕಟ್ಟಿಹಾಕಿಲ್ಲ. ಪ್ರತಿಯೊಂದು ಸರಕಾರಿ ಸಂಸ್ಥೆಯೂ ತನ್ನ ನೌಕರರಿಗೆ ಅದನ್ನು ಒದಗಿಸತಕ್ಕದ್ದು. ಸಂಸ್ಥೆಗೆ ಮಿತಿಮೀರಿದ ಹೊರೆಯಾಗಬಾರದೆಂಬುದೊಂದೇ ಷರತ್ತು. ಮೇಜನ್ನು ಕಿಟಕಿಯ ಬಳಿಗೆ ಸರಿಸುವುದು ಅಂತಹ ಹೊರೆಯೆಂದು ವಾದಿಸುವುದು ಯಾವ ನಿರ್ದೇಶಕರಿಗೂ ಸುಲಭವಾಗಲಾರದು.