ಹಸಿರಿನ ಲೆಕ್ಕ

ಮಲೆನಾಡಿನ ನನ್ನ ಹುಟ್ಟೂರಿನಲ್ಲಿ ನಮ್ಮ ಅಡಿಕೆ ತೋಟದ ನೆತ್ತಿಗೆ ಒಂದು ಸೊಪ್ಪಿನ ಬೆಟ್ಟವಿತ್ತು. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು, ಒಲೆಗೆ ಪುಳ್ಳೆ, ಭರಣಿಗೆ ಅಪ್ಪೆಮಿಡಿ ಎಲ್ಲವೂ ಅಲ್ಲಿಂದಲೇ ಬರಬೇಕು. ನಮ್ಮ ತಾಯಿ ಅಲ್ಲಿನ ಮರಗಳನ್ನು ನೆಂಟರಿಷ್ಟರನ್ನು ಗುರುತಿಸುವಂತೆ ಒಂದೊಂದನ್ನೂ ಹೆಸರು ಹಿಡಿದು ಹೇಳುತ್ತಿದ್ದರು. ಓದಿಗೆಂದು ಊರು ಬಿಟ್ಟ ನಾನು ಅಧ್ಯಾಪನದಿಂದ ನಿವೃತ್ತನಾಗಿ ಮರಳಿ ಹೋಗುವಷ್ಟರಲ್ಲಿ ಎದುರಿನ ಗುಡ್ಡದ ತುಂಬ ಅಕೇಶಿಯಾ ತೋಪು ಎದ್ದು ನಿಂತಿತ್ತು. ಜೊತೆಯಲ್ಲಿ ಬಂದಿದ್ದ ಪಟ್ಟಣದ ಮಿತ್ರರೊಬ್ಬರು ಎರಡೂ ಕಡೆ ಕಣ್ಣು ಹಾಯಿಸಿ, "ಎಲ್ಲಿ ನೋಡಿದರೂ ಹಸಿರು! ಪುಣ್ಯವಂತರು ನೀವು" ಎಂದರು.

ಅವರ ಮಾತು ಸುಳ್ಳಲ್ಲ. ಎರಡೂ ಹಸಿರೇ. ಆದರೆ ಎರಡೂ ಒಂದೇ ಹಸಿರಲ್ಲವೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದುದನ್ನು ಅವರಿಗೆ ಮನಗಾಣಿಸುವುದು ಹೇಗೆಂಬುದು ಮಾತ್ರ ಗೊತ್ತಿರಲಿಲ್ಲ. ಬೇರೆ ಎಂದರೆ ಸಾಲದು. ಎಷ್ಟು ಬೇರೆ, ಯಾವ ಬಗೆಯಲ್ಲಿ ಬೇರೆ ಎಂದು ಕೇಳುವವರಿಗೆ ಉತ್ತರ ಕೊಡಬೇಕು. ಪ್ರಕೃತಿಯ ಜಟಿಲತೆಯನ್ನು ಅಳೆಯುವುದು ಸಾಧ್ಯವೇ, ಸಾಧ್ಯವಾದರೆ ಅಳೆಯುವುದು ಏನನ್ನು ಎಂಬ ವಿಚಾರವಾಗಿ ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಮೊದಲು ತೋರುವ ದಾರಿ ಜಾತಿಗಳನ್ನು ಎಣಿಸುವುದು. ಹೆಚ್ಚು ಜಾತಿಗಳಿದ್ದಲ್ಲಿ ಹೆಚ್ಚು ಜಟಿಲತೆ ಎನ್ನುವುದು. ಈ ದಾರಿ ಎಲ್ಲಿ ತಪ್ಪುತ್ತದೆ ಎಂಬುದಕ್ಕೆ ಎರಡು ತೋಪುಗಳನ್ನು ಕಲ್ಪಿಸಿಕೊಳ್ಳಿ. ಎರಡರಲ್ಲೂ ನೂರು ನೂರು ಮರಗಳು. ಎರಡರಲ್ಲೂ ಹೊನ್ನೆ, ಮತ್ತಿ, ನಂದಿ, ನೇರಳೆ, ಹಲಸು ಎಂಬ ಐದೇ ಜಾತಿಗಳು. ಮೊದಲನೆಯದರಲ್ಲಿ ಒಂದೊಂದು ಜಾತಿಗೂ 20 ಮರಗಳಿವೆ. ಎರಡನೆಯದರಲ್ಲಿ ಹೊನ್ನೆಯೇ 96, ಉಳಿದ ನಾಲ್ಕೂ ಒಂದೊಂದೇ ಮರ. ಪಟ್ಟಿ ಬರೆದರೆ ಎರಡೂ ಐದು ಜಾತಿಯ ತೋಪುಗಳು. ಒಳಹೊಕ್ಕು ನಡೆದವನಿಗೆ ಮಾತ್ರ ಒಂದು ತೋಪು, ಇನ್ನೊಂದು ಬರಿಯ ಹೊನ್ನೆಯ ಸಾಲು.

ಈ ಅಂತರವನ್ನು ಅಂಕಿಗೆ ಇಳಿಸಿದವರಲ್ಲಿ ಒಬ್ಬ ಎಡ್ವರ್ಡ್ ಸಿಂಪ್ಸನ್. 1949ರಲ್ಲಿ ಆತ ಸೂಚಿಸಿದ ಉಪಾಯ ಸರಳವಾದುದು. ಕಣ್ಣು ಕಟ್ಟಿಕೊಂಡು ತೋಪಿನೊಳಗೆ ಹೋಗಿ ಯಾವುವಾದರೂ ಎರಡು ಮರಗಳನ್ನು ಮುಟ್ಟಿ. ಎರಡೂ ಒಂದೇ ಜಾತಿಯವಾಗಿರುವ ಸಂಭವವೆಷ್ಟು? ಮೊದಲ ತೋಪಿನಲ್ಲಿ ನೂರಕ್ಕೆ ಸುಮಾರು 19 ಸಲ. ಎರಡನೆಯದರಲ್ಲಿ 92 ಸಲ. ಐದು ಜಾತಿ ಎಂಬ ಒಂದೇ ಮಾತಿನ ಹಿಂದೆ ಇಷ್ಟು ದೂರ ಅಡಗಿತ್ತು.

ಇನ್ನೊಂದು ಉಪಾಯ ಬಂದುದು ಕಾಡಿನಿಂದಲ್ಲ, ತಂತಿಯಿಂದ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಕ್ಲಾಡ್ ಶ್ಯಾನನ್ 1948ರಲ್ಲಿ ಸಂದೇಶಗಳಲ್ಲಿ ಎಷ್ಟು ಸುದ್ದಿಯಿದೆ ಎಂದು ಅಳೆಯುವ ಗಣಿತವನ್ನು ರಚಿಸಿದ. ಅವನ ಎಣಿಕೆಯಲ್ಲಿ ಸುದ್ದಿಯೆಂದರೆ ಊಹೆಗೆ ಸಿಕ್ಕದಿರುವುದು. ಕನ್ನಡ ಕಲಿಸಿದವನಾದ ನನಗೆ ಇದು ಕಂದಪದ್ಯದ ಮೂಲಕ ಅರ್ಥವಾಯಿತು. ಮೊದಲ ಸಾಲಿನ ಎರಡನೆಯ ಅಕ್ಷರ ಕಿವಿಗೆ ಬಿದ್ದೊಡನೆ, ಮುಂದಿನ ಸಾಲುಗಳಲ್ಲಿ ಆ ಸ್ಥಾನಕ್ಕೆ ಬರುವ ವ್ಯಂಜನ ಯಾವುದೆಂಬುದು ಪ್ರಾಸದ ನಿಯಮದಿಂದಲೇ ತಿಳಿದುಹೋಗುತ್ತದೆ, ಅಲ್ಲಿ ಕುತೂಹಲವಿಲ್ಲ. ಪ್ರಾಸಸ್ಥಾನದ ಆಚೆ ಮುಂದಿನ ಅಕ್ಷರ ಯಾವುದಾದರೂ ಆಗಬಹುದು. ಸುದ್ದಿ ಇರುವುದು ಅಲ್ಲಿ. ಅಕ್ಷರದ ಜಾಗದಲ್ಲಿ ಮರವನ್ನಿಟ್ಟರೆ ಶ್ಯಾನನ್ನನ ಲೆಕ್ಕ ಕಾಡಿಗೂ ಹೊಂದುತ್ತದೆ. ಮುಂದಿನ ಮರ ಯಾವುದೆಂದು ಊಹಿಸಲಾಗದಷ್ಟೂ ಕಾಡು ವೈವಿಧ್ಯದ್ದು. ಈ ಲೆಕ್ಕದ ಫಲವನ್ನು ಮತ್ತೆ ಜಾತಿಗಳ ಭಾಷೆಗೆ ತಿರುಗಿಸಿದರೆ ಮೊದಲ ತೋಪಿನ ಬೆಲೆ ಪೂರ್ತಿ 5. ಎರಡನೆಯದರ ಬೆಲೆ 1.25. ಪಟ್ಟಿಯಲ್ಲಿ ಐದು ಜಾತಿಯ ತೋಪು, ಫಲದಲ್ಲಿ ಒಂದೂಕಾಲು ಜಾತಿಯದು!

ಇಷ್ಟು ಲೆಕ್ಕ ಕೈಗೆ ಬಂದಾಗ ಕಾಡು ನಮಗೆ ಅರ್ಥವಾಯಿತೆಂದು ಹಿಗ್ಗಬಹುದಾಗಿತ್ತು. ಆದರೆ ಈ ಎರಡು ಅಳತೆಗಳೂ ಯಾರು ಎಷ್ಟು ಮಂದಿ ಇದ್ದಾರೆಂದು ಹೇಳುತ್ತವೆಯೇ ಹೊರತು, ಯಾರಿಗೆ ಯಾರು ಏನಾಗಬೇಕೆಂದು ಹೇಳುವುದಿಲ್ಲ. ಜನಗಣತಿಯ ಪುಸ್ತಕವನ್ನು ಓದಿ ಊರಿನ ಜಗಳ, ಋಣ, ಬೀಗತನಗಳನ್ನು ತಿಳಿಯಲಾದೀತೆ? ಜಟಿಲತೆ ಸಂಖ್ಯೆಯಲ್ಲಿರುವುದಕ್ಕಿಂತ ನಂಟಿನಲ್ಲಿದೆ.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದವನು ರಾಬರ್ಟ್ ಪೇನ್ ಎಂಬ ಅಮೆರಿಕದ ಜೀವವಿಜ್ಞಾನಿ. ವಾಷಿಂಗ್ಟನ್ ಸಂಸ್ಥಾನದ ಪೆಸಿಫಿಕ್ ಕರಾವಳಿಯಲ್ಲಿ, ಅಲೆ ಬಡಿಯುವ ಬಂಡೆಯ ಒಂದು ಸಣ್ಣ ಭಾಗವನ್ನು ಆರಿಸಿಕೊಂಡು, 1963ರಿಂದ ಅಲ್ಲಿನ ನಕ್ಷತ್ರಮೀನುಗಳನ್ನು ಮಾತ್ರ ಕಿತ್ತು ಕಿತ್ತು ಸಮುದ್ರಕ್ಕೆ ಎಸೆಯುತ್ತ ಬಂದ. ಬೇರಾವ ಜೀವಿಯನ್ನೂ ಮುಟ್ಟಲಿಲ್ಲ. ನಕ್ಷತ್ರಮೀನು ಹಿಂಸ್ರಜೀವಿ, ಅದು ಹೋದರೆ ಉಳಿದವು ನೆಮ್ಮದಿಯಿಂದ ಬೆಳೆಯಬೇಕೆಂದು ನಾವೆಲ್ಲ ಎಣಿಸುತ್ತಿದ್ದೆವು. ಆದುದೇ ಬೇರೆ. ಅದರ ಬಾಯಿಗೆ ತುತ್ತಾಗುತ್ತಿದ್ದ ಒಂದು ಬಗೆಯ ಚಿಪ್ಪುಜೀವಿ, ನಮ್ಮ ಕರಾವಳಿಯವರು ಪಚ್ಚಿಲೆ ಎನ್ನುವುದರ ಹತ್ತಿರದ ಬಳಗದ್ದು, ಬಂಡೆಯನ್ನೆಲ್ಲ ಆಕ್ರಮಿಸುತ್ತ ಹೋಯಿತು. ಉಳಿದವುಗಳಿಗೆ ಕಾಲೂರಲು ಎಡೆಯಿಲ್ಲದಾಯಿತು. 1966ರಲ್ಲಿ ಪೇನ್ ಪ್ರಕಟಿಸಿದ ಲೇಖನದಂತೆ, ಆ ಬಂಡೆಯ ಮೇಲೆ 15 ಜಾತಿಗಳಿದ್ದುದು 8ಕ್ಕೆ ಇಳಿದಿತ್ತು. ತೆಗೆದುದು ಒಂದನ್ನು, ಜೊತೆಯಲ್ಲಿ ಹೋದವು ಆರು. ಕಮಾನಿನ ನೆತ್ತಿಯ ಕೀಲುಗಲ್ಲನ್ನು ಹೋಲುವ ಇಂತಹ ಜೀವಿಗೆ ಆತ 1969ರಲ್ಲಿ ಆ ಕಲ್ಲಿನ ಹೆಸರನ್ನೇ ಕೊಟ್ಟ. ನಕ್ಷತ್ರಮೀನು ತಲೆಯೆಣಿಕೆಯಲ್ಲಿ ಅಲ್ಪಸಂಖ್ಯೆಯದು. ಸಿಂಪ್ಸನ್ನನ ಅಳತೆಗಾಗಲಿ ಶ್ಯಾನನ್ನನ ಅಳತೆಗಾಗಲಿ ಅದರ ಮಹಿಮೆ ಕಾಣುವುದಿಲ್ಲ.

ಹಾಗಾದರೆ ನಂಟುಗಳು ಹೆಚ್ಚಿದಷ್ಟೂ ವ್ಯವಸ್ಥೆ ಭದ್ರವಾಗುವುದೇ? ಬಹುಕಾಲ ವಿಜ್ಞಾನಿಗಳು ಹಾಗೆಯೇ ನಂಬಿದ್ದರು. ಒಂದೇ ಬೆಳೆಯ ಹೊಲಕ್ಕೆ ಕೀಟ ಮುತ್ತುವಂತೆ ಉಷ್ಣವಲಯದ ಮಳೆಕಾಡಿಗೆ ಮುತ್ತುವುದಿಲ್ಲವೆಂದು ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ 1958ರ ತನ್ನ ಗ್ರಂಥದಲ್ಲಿ ವಾದಿಸಿದ್ದ. ಆದರೆ 1972ರಲ್ಲಿ, ಆಸ್ಟ್ರೇಲಿಯದಲ್ಲಿ ಹುಟ್ಟಿ ಭೌತವಿಜ್ಞಾನದಿಂದ ಜೀವಲೋಕದ ಕಡೆಗೆ ತಿರುಗಿದ್ದ ರಾಬರ್ಟ್ ಮೇ ಎಂಬಾತ ಕಾಗದದ ಮೇಲೆಯೇ ಈ ನಂಬಿಕೆಯನ್ನು ಅಲುಗಾಡಿಸಿದ. ಜೀವಿಗಳ ನಡುವೆ ಮನಬಂದಂತೆ ನಂಟುಗಳನ್ನು ಬೆಸೆದರೆ, ಒಂದು ಎಲ್ಲೆ ದಾಟಿದೊಡನೆ ಇಡೀ ವ್ಯವಸ್ಥೆ ಕುಸಿಯುತ್ತದೆಂದು ಅವನ ಲೆಕ್ಕ. ಒಂದು ಜೀವಿ ತನ್ನ ಸಂಖ್ಯೆಯನ್ನು ತಾನೇ ಹದ್ದಿನಲ್ಲಿಟ್ಟುಕೊಳ್ಳುವ ಬಲವನ್ನು ಒಂದು ಎಂದಿಟ್ಟುಕೊಳ್ಳಿ. ಪ್ರತಿಯೊಂದಕ್ಕೂ ಸರಾಸರಿ 4 ನಂಟುಗಳಿದ್ದರೆ ನಂಟಿನ ಬಿಗಿ ಅರ್ಧಕ್ಕಿಂತ ಕಡಿಮೆಯಿರಬೇಕು. 16 ಇದ್ದರೆ ಕಾಲಿಗಿಂತ ಕಡಿಮೆ. 100 ಇದ್ದರೆ ಹತ್ತರಲ್ಲೊಂದಕ್ಕಿಂತ ಕಡಿಮೆ. ನೆಂಟರು ಹೆಚ್ಚಿದಷ್ಟೂ ಸಲುಗೆ ಸಡಿಲವಾಗಿರಬೇಕೆಂಬುದು ಇದರ ತಾತ್ಪರ್ಯ.

ಹಾಗಿದ್ದರೂ ಮಳೆಕಾಡು ಉಳಿದುಬಂದಿದೆಯಲ್ಲ? ಉಳಿದಿರುವುದು, ಅಲ್ಲಿನ ನಂಟುಗಳು ಮನಬಂದಂತೆ ಬೆಸೆದವಲ್ಲವಾದ್ದರಿಂದ. ನಿಜವಾದ ಆಹಾರಜಾಲಗಳಲ್ಲಿ ಬಿಗಿಯಾದ ನಂಟುಗಳು ಕೆಲವು, ತೆಳುವಾದವು ಬಹಳ. ಆ ತೆಳುವಾದ ಎಳೆಗಳೇ ಬಿಗಿಯಾದವುಗಳ ಜಗ್ಗಾಟವನ್ನು ತಣಿಸುತ್ತವೆಂದು 1998ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಗಣಿತದಿಂದ ತೋರಿಸಿಕೊಟ್ಟಿತು. ಬಹುಕಾಲ ಒಟ್ಟಿಗೆ ಬಾಳಿದವರ ನಡುವೆ ಮಾತ್ರ ಕಾಣುವ ಹದ ಇದು.

ಈ ವಿಚಾರಗಳು ವಿದ್ವಾಂಸರ ಕೊಠಡಿಯಲ್ಲೇ ಇದ್ದಿದ್ದರೆ ನಾನು ತಮ್ಮ ಹೊತ್ತನ್ನು ತೆಗೆದುಕೊಳ್ಳುತ್ತಿರಲಿಲ್ಲ. ನಂಟನ್ನು ಅರಿಯದೆ ಮಾಡಿದ ನಿರ್ಧಾರಕ್ಕೆ ಮನುಷ್ಯರೂ ಬೆಲೆ ತೆರುತ್ತಾರೆ. ರಾಜಸ್ಥಾನದ ಭರತಪುರದಲ್ಲಿ ಕೇವಲಾದೇವ ಎಂಬ ಪ್ರಸಿದ್ಧ ಪಕ್ಷಿಧಾಮವಿದೆ. ಸುಮಾರು 29 ಚದರ ಕಿಲೋಮೀಟರಿನ ಆ ಜೌಗುನೆಲದಲ್ಲಿ ಸುತ್ತಲಿನ ಹಳ್ಳಿಗಳ ಎಮ್ಮೆಗಳು ಬಹುಕಾಲದಿಂದ ಮೇಯುತ್ತಿದ್ದವು. ದನಗಳಿಂದ ಹಕ್ಕಿಗಳಿಗೆ ಕೇಡೆಂಬ ಸದುದ್ದೇಶದ ನಂಬಿಕೆಯಿಂದ 1982ರಲ್ಲಿ ಮೇವನ್ನು ನಿಷೇಧಿಸಲಾಯಿತು. ಹಳ್ಳಿಗರು ಪ್ರತಿಭಟಿಸಿದರು, ಗೋಲೀಬಾರಾಗಿ ಜನ ಪ್ರಾಣ ಕಳೆದುಕೊಂಡರು.

ಅನಂತರ ನಡೆದುದು ಇನ್ನೂ ಯೋಚಿಸಬೇಕಾದ ಸಂಗತಿ. ಎಮ್ಮೆಗಳು ಹೋದ ಮೇಲೆ ಪ್ಯಾಸ್ಪಲಮ್ ಎಂಬ ನೀರುಹುಲ್ಲು ತಡೆಯಿಲ್ಲದೆ ಹಬ್ಬಿ ತೆರೆದ ನೀರನ್ನು ಮುಚ್ಚತೊಡಗಿತು. ನೀರಹಕ್ಕಿಗಳಿಗೆ ಈಜಲು, ಮೇಯಲು ಜಾಗ ಕುಗ್ಗಿತು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು 1980ರ ದಶಕದುದ್ದಕ್ಕೂ ಅಲ್ಲಿ ನಡೆಸಿದ ಅಧ್ಯಯನ, ಎಮ್ಮೆಗಳ ಮೇವೇ ಆ ಜೌಗನ್ನು ಹಕ್ಕಿಗಳಿಗಾಗಿ ತೆರೆದಿಟ್ಟಿತ್ತೆಂಬ ತೀರ್ಮಾನಕ್ಕೆ ಬಂದಿತು. ಪೇನ್‌ನ ಬಂಡೆಯಲ್ಲಿ ನಕ್ಷತ್ರಮೀನು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಎಮ್ಮೆ ಮಾಡುತ್ತಿತ್ತು. ಮೊದಲು ಅಳೆದು ಅನಂತರ ನಿಷೇಧಿಸಿದ್ದರೆ ಹುಲ್ಲೂ ಹಬ್ಬುತ್ತಿರಲಿಲ್ಲ, ರಕ್ತವೂ ಚೆಲ್ಲುತ್ತಿರಲಿಲ್ಲವೇನೋ.

ಈಗ ನಮ್ಮೂರಿನ ಎರಡು ಗುಡ್ಡಗಳಿಗೆ ಮರಳೋಣ. ಭಾರತದ ಅರಣ್ಯ ಸಮೀಕ್ಷಾ ಸಂಸ್ಥೆ 1987ರಿಂದ ದೇಶದ ಅರಣ್ಯ ಹೊದಿಕೆಯ ವರದಿಗಳನ್ನು ಪ್ರಕಟಿಸುತ್ತ ಬಂದಿದೆ. ಉಪಗ್ರಹದ ಚಿತ್ರಗಳಿಂದ ಸಿದ್ಧವಾಗುವ ಆ ವರದಿಗಳ ಸೂತ್ರದಂತೆ, ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ನೆಲದಲ್ಲಿ ಮರಗಳ ನೆತ್ತಿ ನೂರಕ್ಕೆ ಹತ್ತರಷ್ಟಾದರೂ ನೆಲವನ್ನು ಮುಚ್ಚಿದ್ದರೆ ಅದು ಅರಣ್ಯ ಹೊದಿಕೆ. ಮರ ಯಾವ ಜಾತಿಯದು, ನೆಲ ಯಾರದು ಎಂಬ ಪ್ರಶ್ನೆಯಿಲ್ಲ. ದಟ್ಟಣೆಯ ಮೇಲೆ ವಿಂಗಡಣೆಯುಂಟು, ನಿಜ. ಆದರೆ ಅಕೇಶಿಯಾ ತೋಪೂ ದಟ್ಟವಾಗಿರಬಲ್ಲದು. ಆದ್ದರಿಂದ ಆ ಅಂಕಿಯೊಳಗೆ ನಮ್ಮ ತಾಯಿ ಹೆಸರು ಹಿಡಿದು ಕರೆಯುತ್ತಿದ್ದ ಬೆಟ್ಟಕ್ಕೂ ಎದುರಿನ ಗುಡ್ಡಕ್ಕೂ ಭೇದವಿಲ್ಲ. ಒಂದನ್ನು ಕಡಿದು ಇನ್ನೊಂದನ್ನು ಬೆಳೆಸಿದರೆ ಲೆಕ್ಕ ಸರಿಹೋಗುತ್ತದೆ.

ಅಂಕಿ ಸುಳ್ಳೆಂದು ನಾನು ಹೇಳುತ್ತಿಲ್ಲ. ನಾವು ಕೇಳಿದ ಪ್ರಶ್ನೆಗೆ ಅದು ಪ್ರಾಮಾಣಿಕವಾಗಿಯೇ ಉತ್ತರ ಕೊಡುತ್ತದೆ. ಹಸಿರೆಷ್ಟು ಎಂದು ಕೇಳಿದವನಿಗೆ ಹಸಿರಿನ ವಿಸ್ತಾರ ಸಿಕ್ಕುತ್ತದೆ. ಎಷ್ಟು ಜಾತಿ, ಯಾವ ಪ್ರಮಾಣದಲ್ಲಿ, ಯಾವುದಕ್ಕೆ ಯಾವುದರ ಆಸರೆ ಎಂಬ ಮೂರನ್ನೂ ಕೇಳಿದವನಿಗೆ ಮಾತ್ರ ಕಾಡಿನ ಸುಳಿವು ಸಿಕ್ಕೀತು. ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾದುದು. ಅದಕ್ಕೆ ಉಪಗ್ರಹ ಸಾಲದು, ವರ್ಷಗಟ್ಟಲೆ ಕಾಲ್ನಡಿಗೆಯಲ್ಲಿ ಅಲೆದು ನೋಡುವ ಕಣ್ಣು ಬೇಕು.

ಅಂದು ಮಿತ್ರರಿಗೆ ಉತ್ತರ ಕೊಡಲಾಗದೆ ಸುಮ್ಮನಿದ್ದೆ. ಮುಂದಿನ ಸಲ ಅವರು ಬಂದರೆ ವಾದಿಸುವುದಿಲ್ಲ. ಎರಡೂ ಗುಡ್ಡಗಳನ್ನು ಹತ್ತಿಸಿ, ಹತ್ತು ಹೆಜ್ಜೆಗೊಮ್ಮೆ ನಿಲ್ಲಿಸಿ, ಮುಂದಿನ ಮರ ಯಾವುದಿರಬಹುದು ಊಹಿಸಿ ಎಂದು ಕೇಳುತ್ತೇನೆ. ಒಂದು ಗುಡ್ಡದಲ್ಲಿ ಅವರ ಊಹೆ ಪ್ರತಿ ಸಲವೂ ಸರಿಯಾಗುತ್ತದೆ. ಇನ್ನೊಂದರಲ್ಲಿ ಅವರು ಸೋಲುತ್ತ ಹೋಗುತ್ತಾರೆ. ಆ ಸೋಲನ್ನು ಎಣಿಸಿಟ್ಟುಕೊಂಡರೆ ಅದೇ ನಮ್ಮ ಬೆಟ್ಟದ ಮೊದಲ ಅಳತೆ.

(ಬಾನುಲಿ ಭಾಷಣ)